ಹಸುವಿಗೆ ಹಾಕೋ ನೋವಿನ ಇಂಜೆಕ್ಷನ್ ಹೆಸರು ಕೇಳಿ ತಿಳ್ಕೊಳ್ಳಿ

ಕಳೆದ ಸಲ ನಿಮ್ಮ ಹಸುವಿಗೆ ಜ್ವರ ಬಂದಾಗಲೋ, ಕೆಚ್ಚಲು ಬಾವು ಆದಾಗಲೋ ಹಾಕಿಸಿದ ನೋವಿನ ಇಂಜೆಕ್ಷನ್ ಹೆಸರೇನು? ಮೆಕ್ಕೆಜೋಳದ ಸೈನಿಕ ಹುಳುವಿಗೆ ಯಾವ ಔಷಧಿ, ಒಂದು ಕ್ಯಾನ್‌ಗೆ ಎಷ್ಟು ಎಂ.ಎಲ್. ಅಂತ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತೀರಿ. ಹಸುವಿನ ವಿಷಯಕ್ಕೆ ಬಂದ್ರೆ ಮಾತ್ರ "ಡಾಕ್ಟ್ರು ಬಂದಿದ್ರು, ಎರಡು ಸೂಜಿ ಹಾಕಿ ಹೋದ್ರು" ಅನ್ನೋದೇ ಉತ್ತರ. ಅಂಥ ಒಂದು ಸೂಜಿ ಈ ದೇಶಕ್ಕೆ ಏನು ಮಾಡ್ತು ಅನ್ನೋದರ ಲೆಕ್ಕ ಈಗ ನಮ್ಮ ಮುಂದಿದೆ. ಹೈನುಗಾರಿಕೆ ಮಾಡೋ ಪ್ರತಿಯೊಬ್ಬ ಯುವಕ, ಯುವತಿ ಅದನ್ನ ಓದಲೇಬೇಕು ಅನ್ನೋದು ನನ್ನ ಅನಿಸಿಕೆ.

ಶಿಕಾಗೋ ವಿಶ್ವವಿದ್ಯಾಲಯದ ಇಯಾಲ್ ಫ್ರಾಂಕ್ ಮತ್ತು ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನ ಅದು. 2024ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯ್ತು. ಭಾರತದಲ್ಲಿ ರಣಹದ್ದುಗಳು ಸತ್ತುಹೋದ ಮೇಲೆ, 2000ದಿಂದ 2005ರ ನಡುವೆ, ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಸತ್ತಿದ್ದಾರೆ ಅನ್ನುತ್ತೆ ಅದು. ಐದು ವರ್ಷಕ್ಕೆ ಹತ್ತಿರ ಹತ್ತಿರ ಐದು ಲಕ್ಷ. ಸತ್ತಿದ್ದು ಹಕ್ಕಿಗಳಲ್ಲ, ಮನುಷ್ಯರು.

ಪೇಪರ್‌ಗಳಲ್ಲಿ ಇದು ಬಂದಾಗ 'ಪರಿಸರ' ಅನ್ನೋ ಪುಟದಲ್ಲಿ, ಕಾಡು ಪ್ರಾಣಿಗಳ ಸುದ್ದಿ ಜೊತೆ ಬಂತು. ನನ್ನ ತಕರಾರು ಇರೋದೇ ಅಲ್ಲಿ. ಇದು ಕಾಡಿನ ಸುದ್ದಿ ಅಲ್ಲ, ನಮ್ಮ ಕೊಟ್ಟಿಗೆ ಸುದ್ದಿ.

ಏನಾಯ್ತು ಅಂದ್ರೆ

ಮೊದಲು ಒಂದು ಗೊಂದಲ ಬಗೆಹರಿಸೋಣ. "ನಮ್ಮೂರಲ್ಲಿ ಹದ್ದು ದಿನಾ ಕಾಣ್ತವಲ್ಲ" ಅಂತ ಕೆಲವರು ಅಂತಾರೆ. ಕೋಳಿ ಅಂಗಡಿ ಮೇಲೆ ಸುತ್ತೋದು ಮಾಮೂಲಿ ಹದ್ದು. ರಣಹದ್ದು ಬೇರೆ. ಕೊಕ್ಕೆಯಂಥ ಕೊಕ್ಕು, ಪುಕ್ಕ ಇಲ್ಲದ ಕತ್ತು, ರೆಕ್ಕೆ ಬಿಚ್ಚಿದ್ರೆ ಆರೇಳು ಅಡಿ. ಬೇಟೆ ಆಡೋದಿಲ್ಲ, ಸತ್ತದ್ದನ್ನ ಮಾತ್ರ ತಿನ್ನುತ್ತೆ. ನಿಮ್ಮ ಅಜ್ಜನನ್ನ ಕೇಳಿ ನೋಡಿ. ಊರಾಚೆ ದನ ಎಳೆದು ಹಾಕಿದ್ರೆ ಆಕಾಶದಿಂದ ಇಳಿತಿದ್ವು, ಸಂಜೆ ಹೊತ್ತಿಗೆ ಮೂಳೆ ಮಾತ್ರ ಇರ್ತಿತ್ತು ಅಂತಾರೆ. ಅದರಲ್ಲಿ ಉತ್ಪ್ರೇಕ್ಷೆ ಏನಿಲ್ಲ. ಒಂದು ಹಿಂಡು ರಣಹದ್ದು ಒಂದು ಹಸುವಿನ ಹೆಣವನ್ನ ಸುಮಾರು 40 ನಿಮಿಷದಲ್ಲಿ ಮೂಳೆಗೆ ಇಳಿಸುತ್ತೆ. ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣ ಅಂದ್ರೆ, ನಾವು ನೆರಡಿ ರೋಗ ಅಂತೀವಲ್ಲ, ಆಂಥ್ರಾಕ್ಸ್, ಅದರಿಂದ ಸತ್ತ ದನ ತಿಂದ್ರೂ ದಕ್ಕಿಸಿಕೊಳ್ಳುತ್ತೆ. ನಮ್ಮ ದೇಶದಲ್ಲಿ ಕೋಟಿಗಟ್ಟಲೆ ದನ, ಅದರಲ್ಲಿ ಬಹುಪಾಲು ವಯಸ್ಸಾಗಿ, ಕಾಯಿಲೆ ಬಂದು ಸಾಯೋವು. ಆ ಹೆಣಗಳನ್ನೆಲ್ಲಾ ಸಂಬಳ ಇಲ್ಲದೆ, ಟೆಂಡರ್ ಇಲ್ಲದೆ ವಿಲೇವಾರಿ ಮಾಡ್ತಿದ್ದದ್ದು ಈ ಹಕ್ಕಿ.

1990ರ ದಶಕದ ಮಧ್ಯದಲ್ಲಿ ಇವು ಮರದಿಂದ ಉದುರೋಕೆ ಶುರುವಾದ್ವು. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಇದನ್ನ ಮೊದಲು ದಾಖಲು ಮಾಡಿದ್ರು. ಕೊಂಬೆ ಮೇಲೆ ಕತ್ತು ಜೋತು ಹಾಕಿ ಕೂತ ಹಕ್ಕಿಗಳು ಕೆಲವು ದಿನಕ್ಕೆ ಸತ್ತು ಬೀಳ್ತಿದ್ವು. ಯಾವುದೋ ವೈರಸ್ ಇರಬೇಕು ಅಂದ್ರು, ಕೀಟನಾಶಕ ಇರಬೇಕು ಅಂದ್ರು. ವರ್ಷಗಟ್ಟಲೆ ಕಾರಣ ಸಿಗಲೇ ಇಲ್ಲ.

ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ. ಲಿಂಡ್ಸೆ ಓಕ್ಸ್ ಅನ್ನೋ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಅವರ ತಂಡ ಸತ್ತ ರಣಹದ್ದುಗಳನ್ನ ಕೊಯ್ದು ನೋಡಿದ್ರು. ಒಳಗಿನ ಅಂಗಗಳ ಮೇಲೆಲ್ಲಾ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಯೂರಿಕ್ ಆಮ್ಲ ಅದು. ಅಂದ್ರೆ ಕಿಡ್ನಿ ಕೆಟ್ಟಿದೆ. ಹಾಗಾದ್ರೆ ಕಿಡ್ನಿ ಕೆಡಿಸೋ ಅಂಥದ್ದು ಇವುಗಳ ಊಟದಲ್ಲಿ ಏನು ಬಂತು? ಊಟ ಅಂದ್ರೆ ದನ. ತಂಡದವರು ಪಶು ಔಷಧಿ ಅಂಗಡಿಗಳಿಗೆ ಹೋಗಿ ದನಕ್ಕೆ ಏನೇನು ಮಾರ್ತೀರಿ ಅಂತ ಪಟ್ಟಿ ಮಾಡಿದ್ರು. ಅನುಮಾನ ನಿಂತಿದ್ದು ಒಂದೇ ಹೆಸರಿನ ಮೇಲೆ: ಡೈಕ್ಲೋಫೆನಾಕ್. ಕಿಡ್ನಿ ಕೆಟ್ಟು ಸತ್ತಿದ್ದ 25 ರಣಹದ್ದುಗಳನ್ನ ಪರೀಕ್ಷೆ ಮಾಡಿದ್ರೆ 25ರಲ್ಲೂ ಅದು ಸಿಕ್ತು. ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದರಲ್ಲೂ ಸಿಗಲಿಲ್ಲ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಬಂತು. ಸೊಂಟ ನೋವಿಗೆ ನಾವೇ ನುಂಗೋ ಮಾತ್ರೆ ಅದು. ಪೇಟೆಂಟ್ ಮುಗಿದು ಹಲವು ಕಂಪನಿಗಳು ತಯಾರಿಸೋಕೆ ಶುರು ಮಾಡಿದ ಮೇಲೆ, 1994ರಿಂದ ಈಚೆಗೆ, ಬೆಲೆ ಬಿದ್ದು ದನಕ್ಕೂ ಧಾರಾಳವಾಗಿ ಬಳಕೆಗೆ ಬಂತು.

ಇನ್ನೊಂದು ಲೆಕ್ಕ ಇದೆ, ನನಗೆ ಇವತ್ತಿಗೂ ಗಾಬರಿ ಹುಟ್ಟಿಸೋದು ಅದೇ. ರಣಹದ್ದು ತಿನ್ನೋ ಹೆಣಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಔಷಧಿ ಇದ್ರೂ ಸಾಕು, ಈ ವೇಗದಲ್ಲಿ ಸಂತತಿ ಕುಸಿಯುತ್ತೆ ಅಂತ ವಿಜ್ಞಾನಿಗಳು ತೋರಿಸಿದ್ರು. ಯಾಕೆ ಅಂದ್ರೆ ಒಂದು ಹೆಣಕ್ಕೆ ಇಡೀ ಹಿಂಡು ಇಳಿಯುತ್ತೆ. ಮತ್ತೆ ನಾವು ನೋವಿನ ಸೂಜಿ ಹಾಕೋದು ಯಾವಾಗ? ದನ ಏಳೋಕೆ ಆಗದೆ ಮಲಗಿದಾಗ. ಅದರಲ್ಲಿ ಒಂದಷ್ಟು ಉಳಿಯುತ್ತೆ, ಒಂದಷ್ಟು ಆ ಔಷಧಿ ಮೈಯಲ್ಲಿ ಇರೋವಾಗಲೇ ಸಾಯುತ್ತೆ. 1992ರಿಂದ 2007ರ ಒಳಗೆ ಬಿಳಿ ಬೆನ್ನಿನ ರಣಹದ್ದು ಶೇ. 99.9ರಷ್ಟು ನಾಶ ಆಯ್ತು. ಸಾವಿರ ಇದ್ದ ಕಡೆ ಒಂದು ಉಳೀತು. ಉದ್ದ ಕೊಕ್ಕಿನದ್ದು ಮತ್ತು ತೆಳು ಕೊಕ್ಕಿನದ್ದು ಸೇರಿ ಶೇ. 97ರಷ್ಟು. ವರ್ಷಕ್ಕೆ ಒಂದೇ ಮೊಟ್ಟೆ ಇಡೋ, ಮರಿ ಮಾಡೋ ವಯಸ್ಸಿಗೆ ಬರೋಕೆ ಸುಮಾರು ಐದು ವರ್ಷ ತಗೊಳ್ಳೋ ಹಕ್ಕಿ ಇದು. ಕೋಳಿ ಫಾರಂ ಥರ ಮುಂದಿನ ಬ್ಯಾಚ್ ತಂದು ತುಂಬಿಸೋಕೆ ಆಗಲ್ಲ.

ಹಕ್ಕಿ ಹೋದ್ರೆ ಜನ ಯಾಕೆ ಸಾಯಬೇಕು?

ಹೆಣ ಹಾಗೇ ಉಳೀತು, ಅದಕ್ಕೆ. ಊರಾಚೆ ಕೊಳೀತಾ ಬಿದ್ದ ದನಕ್ಕೆ ನಾಯಿ ಬಂತು, ಇಲಿ ಬಂತು. ಇವು ಪೂರ್ತಿ ತಿನ್ನೋದಿಲ್ಲ, ರೋಗಾಣುವನ್ನ ಸಾಯಿಸೋದೂ ಇಲ್ಲ, ಊರೊಳಗೆ ಹೊತ್ಕೊಂಡು ಬರ್ತವೆ. ಸುಲಭದ ಮಾಂಸ ಸಿಕ್ಕಿ ಬೀದಿ ನಾಯಿಗಳ ಸಂಖ್ಯೆ ಏರ್ತು, ಜೊತೆಗೆ ಹುಚ್ಚುನಾಯಿ ಕಡಿತದ ಭಯವೂ. ಕೆಲವು ಕಡೆ ಜನ ಹೆಣವನ್ನ ಹಳ್ಳಕ್ಕೆ, ಹೊಳೆಗೆ ತಳ್ಳಿದ್ರು. ಫ್ರಾಂಕ್ ಮತ್ತು ಸುದರ್ಶನ್ ಇವನ್ನೆಲ್ಲಾ ಒಂದೊಂದಾಗಿ ನೋಡಿದ್ದಾರೆ. ರಣಹದ್ದು ಇದ್ದು ಹೋದ ಕಡೆ ರೇಬೀಸ್ ಲಸಿಕೆ ಮಾರಾಟ ಏರಿದೆ, ನಾಯಿಗಳು ಹೆಚ್ಚಿವೆ, ನೀರು ಕೆಟ್ಟಿದೆ.

ಅವರು ಲೆಕ್ಕ ಹಾಕಿದ ರೀತಿ ನಮಗೆ ಹೊಸದೇನಲ್ಲ. ಕೃಷಿ ವಿಜ್ಞಾನ ಕೇಂದ್ರದವರು ಹೊಸ ತಳಿ ಪರೀಕ್ಷೆ ಮಾಡೋವಾಗ ಪಕ್ಕದಲ್ಲೇ ಹಳೇ ತಳಿಯ ಒಂದು ಮಡಿ ಬಿಡ್ತಾರಲ್ಲ, ಹಾಗೇ. ರಣಹದ್ದು ಮೊದಲಿಂದ ಹೆಚ್ಚಿದ್ದ ಜಿಲ್ಲೆಗಳು ಒಂದು ಮಡಿ. ವಾತಾವರಣ ಒಗ್ಗದೆ ರಣಹದ್ದು ಅಷ್ಟಾಗಿ ಇರದ ಜಿಲ್ಲೆಗಳು ಇನ್ನೊಂದು ಮಡಿ. ಡೈಕ್ಲೋಫೆನಾಕ್ ಬರೋಕೆ ಮುಂಚೆ ಎರಡೂ ಕಡೆ ಸಾವಿನ ಪ್ರಮಾಣ ಒಂದೇ ದಾರಿಯಲ್ಲಿ ಹೋಗ್ತಿತ್ತು. ಬಂದ ಮೇಲೆ ಮೊದಲನೇ ಮಡಿಯಲ್ಲಿ ಮಾತ್ರ ಸಾವು ಶೇ. 4ಕ್ಕೂ ಹೆಚ್ಚು ಏರಿತು. ಎರಡನೆಯದರಲ್ಲಿ ಆ ಏರಿಕೆ ಕಾಣಲಿಲ್ಲ. ದನಗಳು ಹೆಚ್ಚಿರೋ ಪಟ್ಟಣ ಪ್ರದೇಶಗಳಲ್ಲಿ ಪೆಟ್ಟು ಇನ್ನೂ ಜಾಸ್ತಿ.

ಇಂಥ ಅಂಕಿಅಂಶದ ಕೆಲಸದಲ್ಲಿ ಇಂಥವರು ಇಂಥದ್ದರಿಂದಲೇ ಸತ್ರು ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ. ಸಂಖ್ಯೆ ಸ್ವಲ್ಪ ಆಚೆ ಈಚೆ ಇರಬಹುದು. ನಷ್ಟ ವರ್ಷಕ್ಕೆ ಸುಮಾರು 6,900 ಕೋಟಿ ಡಾಲರ್ ಅಂತಲೂ ಅವರು ಹೇಳಿದ್ದಾರೆ. ಜೀವಕ್ಕೆ ಬೆಲೆ ಕಟ್ಟೋ ಆ ಲೆಕ್ಕ ಅರ್ಥಶಾಸ್ತ್ರಜ್ಞರಿಗೇ ಇರಲಿ ಬಿಡಿ. ಆದ್ರೆ ಎರಡು ಮಡಿಗಳ ನಡುವಿನ ಈ ವ್ಯತ್ಯಾಸಕ್ಕೆ ರಣಹದ್ದು ಬಿಟ್ಟು ಬೇರೆ ಒಳ್ಳೆ ಕಾರಣ ನನಗಂತೂ ಕಾಣ್ತಿಲ್ಲ.

ತಪ್ಪು ಯಾರದ್ದು?

ರೈತರದ್ದು ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಹಸು ನರಳ್ತಿದ್ರೆ ಅಗ್ಗದ ಸೂಜಿ ಹಾಕಿಸಿದ್ದು ತಪ್ಪಲ್ಲ. ಆ ಔಷಧಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗ್ತಿತ್ತು, ಅದಕ್ಕೆ ಸರ್ಕಾರದ ಪರವಾನಗಿ ಇತ್ತು, ಹಕ್ಕಿ ಸಾಯುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನನ್ನ ಸಿಟ್ಟು ಇರೋದು ಗೊತ್ತಾದ ಮೇಲೆ ನಡೆದದ್ದರ ಬಗ್ಗೆ. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧ ಆಯ್ತು. ಒಳ್ಳೆಯದೇ. ಆದ್ರೆ ಮನುಷ್ಯರ ಹೆಸರಲ್ಲಿ 30 ಎಂ.ಎಲ್. ಬಾಟಲಿ ಅಂಗಡಿಯಲ್ಲೇ ಉಳೀತು. ಮನುಷ್ಯರಿಗೆ ಒಂದು ಸಲಕ್ಕೆ ಬೇಕಾಗೋದು 3 ಎಂ.ಎಲ್. ಹಾಗಾದ್ರೆ ಅಷ್ಟು ದೊಡ್ಡ ಬಾಟಲಿ ಯಾರಿಗೆ? ಒಂಬತ್ತು ವರ್ಷ ಕಳೆದು 2015ರಲ್ಲಿ, ಒಂದು ಬಾಟಲಿ 3 ಎಂ.ಎಲ್. ಮೀರಬಾರದು ಅಂತ ಆದೇಶ ಬಂತು. ಅಷ್ಟರಲ್ಲಿ ಅಂಗಡಿಗೆ ಅಸೆಕ್ಲೋಫೆನಾಕ್ ಬಂದಿತ್ತು. ಹಸುವಿನ ಮೈಯೊಳಗೆ ಹೋದ ಮೇಲೆ ಅದು ಡೈಕ್ಲೋಫೆನಾಕೇ ಆಗುತ್ತೆ. ಹೆಸರು ಬೇರೆ, ವಿಷ ಅದೇ. ಕೀಟೋಪ್ರೊಫೆನ್ ಕೂಡ ರಣಹದ್ದನ್ನ ಕೊಲ್ಲುತ್ತೆ. ಇವೆರಡನ್ನೂ ದನಕ್ಕೆ ಬಳಸಬಾರದು ಅಂತ ಆದೇಶ ಬಂದಿದ್ದು 2023ರಲ್ಲಿ. ನಿಮೆಸುಲೈಡ್‌ಗೆ 2024ರ ಡಿಸೆಂಬರ್ ಕೊನೆವರೆಗೂ ಕಾಯಬೇಕಾಯ್ತು. ಒಂದನ್ನ ಬ್ಯಾನ್ ಮಾಡೋದು, ಕಂಪನಿಗಳು ಇನ್ನೊಂದಕ್ಕೆ ಹಾರೋದು, ಅದು ಎಷ್ಟು ಹಕ್ಕಿ ಕೊಲ್ಲುತ್ತೆ ನೋಡಿ ಮತ್ತೆ ಬ್ಯಾನ್ ಮಾಡೋದು. ಕಳೆ ಬೀಜ ಉದುರಿದ ಮೇಲೆ ಕುಂಟೆ ಹೊಡೆದ ಹಾಗೆ.

ನನ್ನ ಪ್ರಕಾರ ಕ್ರಮ ತಿರುಗಬೇಕು. ದನಕ್ಕೆ ಹೊಸ ನೋವಿನ ಔಷಧಿ ಮಾರೋಕೆ ಬರೋ ಕಂಪನಿ, ಇದು ರಣಹದ್ದಿಗೆ ಸುರಕ್ಷಿತ ಅಂತ ಮೊದಲು ತೋರಿಸಲಿ. ಆಮೇಲೆ ಲೈಸೆನ್ಸ್. ಪರೀಕ್ಷೆಗೆ ದುಡ್ಡು ಜಾಸ್ತಿ ಆಗುತ್ತೆ ಅಂತಾರೆ. ಐದು ಲಕ್ಷ ಜೀವಕ್ಕಿಂತ ಜಾಸ್ತಿಯಾ?

ಆದ್ರೆ ಆ ಕಾನೂನು ಬರೋವರೆಗೂ ನಾವು ಕಾಯೋ ಹಾಗಿಲ್ಲ. ಡ್ರಗ್ ಇನ್‌ಸ್ಪೆಕ್ಟರ್ ಪ್ರತಿ ಊರಿನ ಕೊಟ್ಟಿಗೆಗೆ ಬರೋದಿಲ್ಲ. ಬಾಟಲಿ ತೆರೆಯೋ ಹೊತ್ತಿಗೆ ಅಲ್ಲಿ ಇರೋದು ಇಬ್ಬರೇ, ಸೂಜಿ ಹಾಕೋರು ಮತ್ತು ಹಸು ಹಿಡ್ಕೊಂಡಿರೋ ನೀವು.

ಕೊಟ್ಟಿಗೆಯಲ್ಲಿ ನೀವು ಮಾಡಬಹುದಾದದ್ದು

ನೋವು, ಜ್ವರ, ಬಾವಿಗೆ ರಣಹದ್ದಿಗೂ ಸುರಕ್ಷಿತ ಅಂತ ಪರೀಕ್ಷೆ ಮಾಡಿ ತೋರಿಸಿರೋ ಔಷಧಿ ಮುಖ್ಯವಾಗಿ ಎರಡು: ಮೆಲಾಕ್ಸಿಕಾಮ್ ಮತ್ತು ಟಾಲ್ಫೆನಾಮಿಕ್ ಆಸಿಡ್. ಮೆಲಾಕ್ಸಿಕಾಮ್ ಸುರಕ್ಷಿತ ಅಂತ 2006ರಲ್ಲೇ ಗೊತ್ತಾಗಿದೆ. ಈ ಎರಡು ಹೆಸರನ್ನ ಫೋನಿನಲ್ಲಿ ಬರೆದಿಟ್ಕೊಳ್ಳಿ. ಡಾಕ್ಟ್ರು ಬಂದಾಗ "ಸರ್, ನೋವಿಗೆ ಮೆಲಾಕ್ಸಿಕಾಮ್ ಹಾಕ್ತೀರಾ?" ಅಂತ ಕೇಳಿ. ಇದರಲ್ಲಿ ಅವಮಾನ ಮಾಡೋದು ಏನೂ ಇಲ್ಲ. ಒಳ್ಳೆ ಡಾಕ್ಟ್ರು ಖುಷಿ ಪಡ್ತಾರೆ. ಎಷ್ಟು ಹಾಕಬೇಕು, ಎಷ್ಟು ದಿನ, ಹಾಲು ಎಷ್ಟು ದಿನ ಡೈರಿಗೆ ಹಾಕಬಾರದು ಅನ್ನೋದನ್ನ ಅವರೇ ಹೇಳಲಿ. ಔಷಧಿ ಆರಿಸೋದು ಅವರ ಕೆಲಸ. ಹೆಸರು ಕೇಳೋದು ನಿಮ್ಮ ಹಕ್ಕು.

ಸರ್ಕಾರಿ ಡಾಕ್ಟ್ರು ಸಿಗದೆ ಖಾಸಗಿಯವರನ್ನ, ಅನುಭವದ ಮೇಲೆ ಸೂಜಿ ಹಾಕೋರನ್ನ ಕರೆಸೋದು ನಮ್ಮಲ್ಲಿ ಮಾಮೂಲು. ಅಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಬಾಟಲಿ ಮೇಲೆ ದೊಡ್ಡದಾಗಿ ಇರೋದು ಕಂಪನಿ ಇಟ್ಟ ಹೆಸರು, ಒಳಗಿನ ಔಷಧಿ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಒಂದು ಫೋಟೋ ಹೊಡೆದು ದೊಡ್ಡದು ಮಾಡಿ ನೋಡಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್, ಈ ನಾಲ್ಕರಲ್ಲಿ ಯಾವುದೇ ಇದ್ರೂ ಬೇಡ ಅನ್ನಿ. ಫ್ಲುನಿಕ್ಸಿನ್ ಕೂಡ ರಣಹದ್ದಿಗೆ ಅಪಾಯ, ಅದರ ಬದಲು ಬೇರೆ ಇದೆಯಾ ಕೇಳಿ. ಯಾರಾದ್ರೂ 3 ಎಂ.ಎಲ್.ನ ಸಣ್ಣ ಸಣ್ಣ ಬಾಟಲಿ ಒಂದರ ಹಿಂದೆ ಒಂದು ತೆರೆದು ಹಸುವಿಗೆ ತುಂಬಿಸ್ತಿದ್ರೆ ಅದು ಬಹುಶಃ ಮನುಷ್ಯರ ಡೈಕ್ಲೋಫೆನಾಕ್. ಅಲ್ಲೇ ನಿಲ್ಲಿಸಿ, ಹೆಸರು ಓದಿ. ಡಾಕ್ಟ್ರು ಸಿಗದಿದ್ರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತೆ.

"ಮೆಲಾಕ್ಸಿಕಾಮ್ ನಿಧಾನ, ಡೈಕ್ಲೋ ಹಾಕಿದ್ರೆ ಸಂಜೆಗೇ ಎದ್ದು ನಿಲ್ಲುತ್ತೆ" ಅನ್ನೋ ಮಾತು ಹಳ್ಳಿಗಳಲ್ಲಿ ಓಡಾಡ್ತಾ ಇದೆ. ಒಂದು ತಿಳ್ಕೊಳ್ಳಿ, ಎರಡೂ ರೋಗ ವಾಸಿ ಮಾಡೋ ಔಷಧಿ ಅಲ್ಲ. ನೋವು, ಬಾವು ಇಳಿಸೋವು ಅಷ್ಟೇ. ಕೆಚ್ಚಲು ಬಾವಿನ ಸೋಂಕಿಗೆ ಬೇರೆ ಚಿಕಿತ್ಸೆ ಆಗಲೇಬೇಕು. ಸಂಜೆಗೆ ಎದ್ದು ನಿಂತ ಹಸು ವಾಸಿ ಆಗಿದೆ ಅಂತ ಸುಮ್ಮನಾಗಿ, ಆಮೇಲೆ ಒಂದು ಮೊಲೆ ಶಾಶ್ವತವಾಗಿ ಹೋದ್ರೆ ನಷ್ಟ ಯಾರಿಗೆ?

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತೆ. "ನಮ್ಮ ತಾಲ್ಲೂಕಲ್ಲಿ ರಣಹದ್ದೇ ಇಲ್ಲ, ನಾನು ಯಾಕೆ ತಲೆ ಕೆಡಿಸ್ಕೊಳ್ಳಲಿ?" ಕರ್ನಾಟಕದಲ್ಲಿ ಇನ್ನೂ ಇವೆ. 'ಶೋಲೆ' ಸಿನಿಮಾ ತೆಗೆದ ರಾಮನಗರದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ ಅಂತಲೇ 2012ರಲ್ಲಿ ರಾಮದೇವರ ಬೆಟ್ಟವನ್ನ ರಣಹದ್ದು ಧಾಮ ಅಂತ ಘೋಷಣೆ ಮಾಡಿದ್ದು. ದೇಶದಲ್ಲೇ ಮೊದಲನೆಯದು ಅದು. ಈಗ ಅಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಬಂಡೀಪುರ, ನಾಗರಹೊಳೆ, ಪಕ್ಕದ ತಮಿಳುನಾಡಿನ ಮೋಯಾರ್ ಕಣಿವೆ, ಕೇರಳದ ವಯನಾಡು ಸೇರಿದ ಕಾಡಿನಲ್ಲಿ ಇನ್ನೂ ಕೆಲವು ನೂರು ಇವೆ. ಹುಲಿ ಹೊಡೆದ ಜಿಂಕೆ, ಕಾಟಿಯ ಮೈಯಲ್ಲಿ ಈ ಔಷಧಿ ಇರಲ್ಲ, ಅದಕ್ಕೇ ಅಲ್ಲಿ ಉಳಿದಿರೋದು ಅಂತ ನನಗೆ ಅನಿಸುತ್ತೆ. ಆದ್ರೆ ರಣಹದ್ದಿಗೆ ಕಾಡಿನ ಗಡಿ ಗೊತ್ತಿಲ್ಲ. ಊಟ ಹುಡುಕ್ತಾ ನೂರು ಕಿಲೋಮೀಟರ್ ಆಚೆಗೂ ಹಾರುತ್ತೆ. ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಚಾಮರಾಜನಗರ, ರಾಮನಗರ, ಮಾಗಡಿ ಕಡೆಯ ಓದುಗರಿಗೆ ಇದನ್ನ ಒತ್ತಿ ಹೇಳ್ತಿದ್ದೀನಿ. ನಿಮ್ಮ ಹೊಲದ ಬದುವಿನಲ್ಲಿ ಎಸೆದ ಒಂದು ಹೆಣ ಸಾಕು.

ಹಾಗಾಗಿ ಸತ್ತ ದನದ ವಿಷಯ. ಸಾಯೋಕೆ ಕೆಲವು ದಿನ ಮುಂಚೆ ನೋವಿನ ಸೂಜಿ ಹಾಕಿಸಿದ್ದು, ಅದು ಯಾವುದು ಅಂತ ಗೊತ್ತಿಲ್ಲದಿದ್ರೆ ಬಯಲಲ್ಲಿ ಬಿಡಬೇಡಿ. ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ. ಕೆರೆ, ಬೋರ್‌ವೆಲ್‌ನಿಂದ ದೂರ ಇರಲಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎಷ್ಟೋ ಊರುಗಳಲ್ಲಿ ಜೆಸಿಬಿ ತಂದು ಹೂಳಿದ್ದು ನೆನಪಿದೆಯಲ್ಲ? ಒಂದು ದನಕ್ಕೆ ಜೆಸಿಬಿ ಬಾಡಿಗೆ ಕೊಡೋದು ಬಡ ರೈತನಿಗೆ ಆಗದ ಮಾತು, ನಿಜ. ಆಳು ಹಚ್ಚಿ ಗುಂಡಿ ತೋಡಿಸಿದ್ರೂ ಅಷ್ಟೇ. ಹಿಂದೆ ರಣಹದ್ದು ಪುಕ್ಕಟೆ ಮಾಡ್ತಿದ್ದ ಕೆಲಸದ ಬಿಲ್ಲು ಈಗ ನಮ್ಮ ಜೇಬಿಗೆ ಬಂದಿದೆ. ಪಂಚಾಯ್ತಿಯವರು ಊರಿಗೊಂದು ಜಾಗ ಗುರುತು ಮಾಡಿ, ಆ ಖರ್ಚು ಹೊರಬೇಕು ಅಂತ ಗ್ರಾಮಸಭೆಯಲ್ಲಿ ಕೇಳೋದು ನ್ಯಾಯವಾದ ಬೇಡಿಕೆ.

ಹೆಣದ ಸುತ್ತ ಸೇರೋ ನಾಯಿಗಳು ಆಮೇಲೆ ಕುರಿ ದೊಡ್ಡಿಗೆ ನುಗ್ತವೆ ಅನ್ನೋದನ್ನ ಕುರಿ ಸಾಕೋರಿಗೆ ನಾನು ಹೇಳಬೇಕಿಲ್ಲ. ನಾಯಿ ಕಚ್ಚಿದ್ರೆ, ಸಣ್ಣ ಗೀರು ಆದ್ರೂ ಸರಿ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಹಚ್ಚಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸೋಕೆ ಔಷಧಿ ಇಲ್ಲ.

ಒಬ್ಬೊಬ್ಬರೇ ಕೇಳೋದಕ್ಕಿಂತ ಸುಲಭದ ದಾರಿ ಒಂದಿದೆ, ಹಾಲು ಉತ್ಪಾದಕರ ಸಂಘ. ಊರಿನ ಹಸುಗಳ ಲೆಕ್ಕ ಇರೋದು ಅಲ್ಲೇ, ಡಾಕ್ಟ್ರು ಬಂದು ಹೋಗೋದೂ ಅಲ್ಲಿಗೇ. ನಮ್ಮ ಸಂಘದ ವ್ಯಾಪ್ತಿಯಲ್ಲಿ ನೋವಿಗೆ ಮೆಲಾಕ್ಸಿಕಾಮ್ ಅಥವಾ ಟಾಲ್ಫೆನಾಮಿಕ್ ಆಸಿಡ್ ಮಾತ್ರ ಬಳಸಬೇಕು, ಸಂಘದಲ್ಲಿ ಔಷಧಿ ಇಟ್ರೆ ಇವನ್ನೇ ಇಡಬೇಕು ಅಂತ ಒಂದು ಠರಾವು ಮಾಡೋಕೆ ಐದು ನಿಮಿಷ ಸಾಕು. ವಾರ್ಷಿಕ ಸಭೆಯ ನೋಟಿಸಿನಲ್ಲಿ ಕೊನೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು' ಅಂತ ಒಂದು ಸಾಲು ಇದ್ದೇ ಇರುತ್ತೆ. ಸಾಮಾನ್ಯವಾಗಿ ಅಷ್ಟೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರ್ತಾರೆ. ಈ ಸಲ ಸ್ವಲ್ಪ ಕೂತಿರಿ.